ಎರಡು ಚಮಚ ಸೂಪು, ಒಂದು ಒಪ್ಪತ್ತು

ನಾನು ಡಿಗ್ರಿ ಮಾಡುವುದು ಆಗದ ಮಾತು ಎಂದು ಮೊದಲು ಘೋಷಿಸಿದವರು ನಮ್ಮ ದೊಡ್ಡಪ್ಪ. ಸುಮ್ಮನೆ ಘೋಷಿಸಲಿಲ್ಲ. ಕೊಕ್ಕನೂರಿನ ನಮ್ಮ ಮನೆಯ ಕಟ್ಟೆಯ ಮೇಲೆ, ನಾಲ್ಕು ಜನರ ಎದುರಿಗೆ, ಹೆಗಲ ಮೇಲಿನ ಟವೆಲ್ ಕೊಡವಿ ಘೋಷಿಸಿದರು.

"ನಮ್ಮ ಮನೆತನದಾಗ ಎಸ್ಸೆಲ್ಸಿ ದಾಟಿದೋರು ಒಬ್ಬರಿಲ್ಲ. ಈಕಿ ಮದುವಿ ಆಗಿ, ಮಕ್ಳು ಹೆತ್ತು, ಈಗ ಬಿ.ಎ. ಮಾಡ್ತಾಳಂತೆ! ಲೀಲಾ, ನೀನು ಡಿಗ್ರಿ ತಗಂಡ ದಿನ ನಾನು ಚೀನಾದೋರ ಊಟ ಉಣ್ತೀನಿ, ಹೋಗು!"

ದೊಡ್ಡಪ್ಪನ ಪಾಲಿಗೆ ಇದಕ್ಕಿಂತ ಅಸಂಭವವಾದ ಸಂಗತಿ ಭೂಮಿಯ ಮೇಲೆ ಇನ್ನೊಂದಿಲ್ಲ. ರೊಟ್ಟಿ ಇಲ್ಲದ ಊಟವನ್ನು ಅವರು ಊಟದ ಲೆಕ್ಕಕ್ಕೇ ಹಿಡಿಯುವುದಿಲ್ಲ. ಮದುವೆ ಮನೆಗೂ ಜೇಬಿನಲ್ಲಿ ಒಂದು ಕಟಕು ರೊಟ್ಟಿ ಇಟ್ಟುಕೊಂಡು ಹೋಗುವ ಆಸಾಮಿ.

ನಾನು ದಾವಣಗೆರೆಯ ಸರಸ್ವತಿ ನಗರದಲ್ಲಿ ಬ್ಲೌಸ್ ಹೊಲಿಯುವವಳು. ಮನೆಯಲ್ಲೇ ಕೂತು, ಹೊಲಿಗೆ ಮಷಿನ್ ಮೇಲೆ ಪುಸ್ತಕ ಒರಗಿಸಿಕೊಂಡು, ದೂರಶಿಕ್ಷಣದಲ್ಲಿ ಓದಿದೆ. ಮೂರು ವರ್ಷದ ಕೋರ್ಸನ್ನು ಏಳು ವರ್ಷದಲ್ಲಿ ಮುಗಿಸಿದೆ. ಇಂಗ್ಲಿಷ್ ಪೇಪರೂ ನಾನೂ ನಾಲ್ಕು ಸಲ ಎದುರಾದೆವು. ಮೂರು ಸಲ ಅದು ಗೆದ್ದಿತು. ಆ ಏಳು ವರ್ಷಗಳಲ್ಲಿ ಯಾರದೋ ತೋಳಿನ ಅಳತೆಯನ್ನು ಯಾರದೋ ಕುತ್ತಿಗೆಗೆ ಇಟ್ಟು ಹೊಲಿದ ಪ್ರಸಂಗಗಳೂ ಉಂಟು. ಆ ಹೆಂಗಸರು ಈಗಲೂ ನನ್ನನ್ನು ಮಾತಾಡಿಸುತ್ತಾರೆ. ದೊಡ್ಡ ಮನಸ್ಸು ಅವರದು!

ಅಂತೂ ಪಾಸಾದೆ. ಸರ್ಟಿಫಿಕೇಟ್ ಕೊಡುವ ಸಮಾರಂಭ ದಾವಣಗೆರೆಯ ನಮ್ಮ ಕಲಿಕಾ ಕೇಂದ್ರದಲ್ಲೇ, ಸೋಮವಾರ ಮಧ್ಯಾಹ್ನ ಮೂರಕ್ಕೆ ಎಂದು ಮೆಸೇಜ್ ಬಂತು. ಜ್ಞಾನಕ್ಕಾಗಿಯೇ ಓದಿದೆ ಎಂದು ಹೇಳಿದರೆ ಸುಳ್ಳಾದೀತು. ಅರ್ಧ ಜ್ಞಾನಕ್ಕೆ ಓದಿದ್ದೆ. ಉಳಿದರ್ಧ, ದೊಡ್ಡಪ್ಪ ನೂಡಲ್ಸ್ ತಿನ್ನುವುದನ್ನು ಕಣ್ಣಾರೆ ನೋಡಲಿಕ್ಕೆ.

ಸಮಾರಂಭಕ್ಕೆ ಮೊದಲು ಹೋಟೆಲ್ ಊಟ ಎಂದು ನಾನು ಕಾರ್ಯಕ್ರಮ ಹಾಕಿದೆ. ಅಪ್ಪ ಎಮ್ಮೆ ಈಯುವ ದಿನ ಎಂದು ಊರಲ್ಲೇ ಉಳಿದರು. ಮಕ್ಕಳು ಶಾಲೆಗೆ ಹೋಗಿದ್ದವು. ದೊಡ್ಡಪ್ಪನೂ ನಮ್ಮವ್ವನೂ ಹರಿಹರಕ್ಕೆ ಬಂದು, ಅಲ್ಲಿಂದ ಇನ್ನೊಂದು ಬಸ್ ಹಿಡಿದು ಹನ್ನೊಂದಕ್ಕೆ ಮನೆ ತಲುಪಿದರು.

ಇಲ್ಲಿ ನಮ್ಮವ್ವನ ಸೋಮವಾರದ ಬಗ್ಗೆ ಹೇಳಬೇಕು. ಸೋಮವಾರ ಅವ್ವನಿಗೆ ಒಪ್ಪತ್ತು. ಅಂದರೆ ಇಡೀ ದಿನಕ್ಕೆ ಒಂದೇ ಊಟ. ಬೆಳಗ್ಗೆ ಪೂಜೆ ಮಾಡಿ ಅರ್ಧ ಲೋಟ ಚಹಾ ಕುಡಿದರೆ, ಆಮೇಲೆ ಆ ಒಂದು ಊಟದವರೆಗೆ ಏನೂ ಇಲ್ಲ. ಅದಕ್ಕೊಂದು ಕಟ್ಟುನಿಟ್ಟಿನ ಕಾಯಿದೆಯೂ ಉಂಟು. ಕೂತು, ತುತ್ತು ಬಾಯಿಗಿಟ್ಟು, ಎದ್ದು ಕೈ ತೊಳೆದರೆ ಮುಗಿಯಿತು. ಹೊಟ್ಟೆ ತುಂಬಿರಲಿ, ಬಿಡಲಿ, ಮತ್ತೆ ಮರುದಿನ ಬೆಳಗ್ಗೆಯೇ. ಮೊಣಕಾಲು ನೋವಿಗೆ ಯಾರೋ ಹೇಳಿದ ವ್ರತ ಇರಬೇಕು ಎಂದು ನಾನು ತಿಳಿದಿದ್ದೆ. ಆ ಸೋಮವಾರದ ಒಂದೇ ಒಂದು ಊಟವನ್ನು ಅವ್ವ ನನ್ನ ಕೈಗೆ ಒಪ್ಪಿಸಿದ್ದಳು. ಒಬ್ಬ ಪದವೀಧರೆಯ ಕೈಗೆ! ಭಯವೆಲ್ಲಿಯದು?

"ಅತ್ತೆ, ನೀವು ಚಿಂತಿ ಮಾಡಬ್ಯಾಡ್ರಿ," ಎಂದರು ನಮ್ಮ ಯಜಮಾನರು. ಅವರು ಆಟೋ ಓಡಿಸುತ್ತಾರೆ. "ಹದಿನೈದು ವರ್ಷದಿಂದ ಈ ಊರಾಗ ಆಟೋ ಬಿಟ್ಟೀನಿ. ಯಾವ ಹೋಟೆಲ್‌ನಾಗ ಎಷ್ಟೊತ್ತಿಗೆ ಒಗ್ಗರಣಿ ಬೀಳ್ತೈತೆ ಅನ್ನೋದು ಗೊತ್ತೈತೆ ನನಗೆ. ಸೀದಾ ಬೆಣ್ಣೆ ದೋಸೆಗೆ ಹೋಗಾನ."

"ರೀ, ದೋಸೆ ದಿನಾ ಇದ್ದಿದ್ದೇ. ಇವತ್ತು ಚೈನೀಸ್. ನಾನು ಮೊಬೈಲ್‌ನಾಗ ಎಲ್ಲ ನೋಡಿಟ್ಟೀನಿ. ರಿವ್ಯೂ ಸೈತ ಓದೀನಿ, ಇಂಗ್ಲಿಷ್‌ನಾಗ!"

ಇಂಗ್ಲಿಷ್ ಎಂದ ಕೂಡಲೇ ಯಜಮಾನರು ಶರಣಾದರು. ನಾಲ್ಕು ಸಲ ಪರೀಕ್ಷೆಯ ಫೀಸ್ ಕಟ್ಟಿದವರು ಅವರೇ ಅಲ್ಲವೇ.

ಆಟೋ ಹತ್ತುವಾಗ ಬೇಡಿಕೆಗಳು ಬಂದವು. ದೊಡ್ಡಪ್ಪ ಮಾತಿಗೆ ತಪ್ಪುವವರಲ್ಲ, ಚೀನಾದೂಟ ಉಣ್ಣಲು ಸಿದ್ಧ. ಆದರೆ ಅಕಸ್ಮಾತ್ ಜೀವಕ್ಕೆ ಏನಾದರೂ ಆದರೆ ಇರಲಿ ಎಂದು ಪಕ್ಕದಲ್ಲಿ ಒಂದು ಜೋಳದ ರೊಟ್ಟಿ ಇರಬೇಕು! ಅವ್ವನಿಗೆ ತತ್ತಿ, ಮಾಂಸ ಮುಟ್ಟದ ಅಡಿಗೆಮನೆ ಆಗಬೇಕು. ಯಜಮಾನರಿಗೆ ಎಲ್ಲಾದರೂ ಸರಿ, ಬೇಗ ಸಿಗಬೇಕು.

ಮೊದಲು ಒಂದು ಖಾನಾವಳಿಗೆ ಹೋದೆವು. ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳಿ ದೊಡ್ಡಪ್ಪನ ಮುಖ ಅರಳಿತು. ಚೈನೀಸ್ ಇದೆಯೇ ಎಂದು ಕೇಳಿದೆ. ಗಲ್ಲಾದ ಮೇಲೆ ಕೂತ ಯಜಮಾನಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಚೀನಾದ್ದು ಯಾಕ ಬೇಕವ್ವ? ಎಣಗಾಯಿ ಐತೆ, ಶೇಂಗಾ ಚಟ್ನಿ ಐತೆ, ಕೆಂಪು ಖಾರ ಐತೆ. ಏನು ಕಡಿಮಿ ಆಗೈತೆ ನಿನಗೆ?"

"ಕರೆಕ್ಟ್ ಕೇಳಿದಿ ನೋಡು ತಂಗಿ," ಎಂದು ದೊಡ್ಡಪ್ಪ ಕುರ್ಚಿ ಎಳೆದು ಕೂತೇಬಿಟ್ಟರು. ರಟ್ಟೆ ಹಿಡಿದು ಎಬ್ಬಿಸಿಕೊಂಡು ಬರಬೇಕಾಯಿತು. ಬಾಗಿಲು ದಾಟುವವರೆಗೂ ಅವರು ತಿರುತಿರುಗಿ ರೊಟ್ಟಿ ನೋಡುತ್ತಿದ್ದರು. ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಅಷ್ಟು ನೋಡಿರಲಿಲ್ಲ.

ಎರಡನೆಯದು ನನ್ನ ಮೊಬೈಲ್ ಆರಿಸಿದ್ದು. ನಾಲ್ಕೂವರೆ ಸ್ಟಾರ್. ಎರಡು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ತಿರುಗಿಸಿ, "ನೀವು ತಲುಪಿದ್ದೀರಿ" ಎಂದು ಅದು ಘೋಷಿಸಿತು. ತಲುಪಿದ್ದೆವು. ಹಲ್ಲಿನ ಆಸ್ಪತ್ರೆಗೆ!

ಒಳಗಿದ್ದ ನರ್ಸ್‌ಗೆ ಇದೇನೂ ಹೊಸದಾಗಿರಲಿಲ್ಲ. "ಹೋಟೆಲ್ ಮುಚ್ಚಿ ಎರಡು ವರ್ಷ ಆತು ಅಕ್ಕಾ. ಮೊಬೈಲ್ ನೋಡ್ಕೊಂಡು ದಿನಾ ನಾಲ್ಕು ಜನ ಬರ್ತಾರೆ. ಇಬ್ಬರು ವಾಪಸ್ ಹೋಗ್ತಾರೆ, ಇಬ್ಬರು ಹಲ್ಲು ತೋರಿಸ್ಕೊಂಡು ಹೋಗ್ತಾರೆ. ಅಜ್ಜಾರು ತೋರಿಸ್ತಾರೇನು?"

"ಉಣ್ಣೋಕ್ಕಿಂತ ಮೊದ್ಲು ಹಲ್ಲು ಕೀಳಿಸ್ಕೊಂಡು ಹೋಗೋ ಪದ್ಧತಿ ಏನವ್ವ ಈ ಊರಾಗ?" ಎಂದು ಕೇಳಿದರು ದೊಡ್ಡಪ್ಪ.

ಮೂರನೆಯ ಹೋಟೆಲಿನ ಬೋರ್ಡ್ ಮೇಲೆ ಕೋಳಿಯ ಚಿತ್ರವಿತ್ತು. ಅವ್ವ ಆಟೋದಲ್ಲೇ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಇಳಿಯಲೇ ಇಲ್ಲ. ಗಂಟೆ ಹನ್ನೆರಡೂವರೆ ದಾಟಿತ್ತು.

"ನಿಮ್ಮವ್ವನ ಮುಖ ಬಾಡೈತೆ," ಎಂದರು ಯಜಮಾನರು ಮೆಲ್ಲಗೆ. "ಆ ಮೊಬೈಲ್ ಬ್ಯಾಗಿಗೆ ಹಾಕು. ನಾನು ಕರಕೊಂಡು ಹೋಗ್ತೀನಿ."

ಅವರು ಕರೆದುಕೊಂಡು ಹೋದದ್ದು ಒಂದು ಏಸಿ ಹೋಟೆಲಿಗೆ. ಬಾಗಿಲಿಗೆ ಕೆಂಪು ಡ್ರ್ಯಾಗನ್, ಅದರ ಪಕ್ಕದಲ್ಲೇ ಗಣಪತಿ. ಬೋರ್ಡನ್ನು ನಾನೇ ಜೋರಾಗಿ ಓದಿದೆ. "ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್. ಶುದ್ಧ ಸಸ್ಯಾಹಾರಿ." ಜೋಳದ ರೊಟ್ಟಿಯೂ ಸಿಗುತ್ತದೆ ಎಂದು ಬಾಗಿಲಲ್ಲೇ ಹೇಳಿದರು. ಕಾಶಿಗೆ ಹೋಗಿ ಮುಟ್ಟಿದಷ್ಟು ಸಮಾಧಾನವಾಯಿತು.

ಈ ಬೋರ್ಡನ್ನು ನಾನೇ ಓದಿದ್ದೆ. ಇದನ್ನು ಓದುಗರು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಏಕೆಂದರೆ ನಾನು ಇಟ್ಟುಕೊಳ್ಳಲಿಲ್ಲ.

ನೂಡಲ್ಸ್, ಗೋಬಿ ಮಂಚೂರಿ, ಫ್ರೈಡ್ ರೈಸ್, ಒಂದು ರೊಟ್ಟಿ ಹೇಳಿದೆ. ಮೊದಲು ಸೂಪ್ ಬರಬೇಕು ಎಂದು ಗತ್ತಿನಿಂದ ಸ್ವೀಟ್ ಕಾರ್ನ್ ಸೂಪನ್ನೂ ಹೇಳಿದೆ. ಸೂಪ್ ಬಂತು. ಅವ್ವ ಕಣ್ಣು ಮುಚ್ಚಿ ಕೈ ಮುಗಿದಳು. ಚಮಚವನ್ನು ಹುಷಾರಾಗಿ ಹಿಡಿದು ಒಂದು ಗುಟುಕು ಕುಡಿದಳು.

"ಸಪ್ಪಗೈತೆ. ಆದ್ರೂ ಹೊಟ್ಟಿಗೆ ಹಿತ ಐತೆ," ಎಂದಳು.

ಎರಡನೇ ಚಮಚ ಬಾಯಿಗೆ ಹೋಗುವಾಗ ನನ್ನ ಕಣ್ಣು ಬಟ್ಟಲಿನ ಮೇಲೆ ಬಿತ್ತು. ಬಿಳಿ ಬಿಳಿ ಎಳೆಗಳು ತೇಲುತ್ತಿದ್ದವು. ಹಿಂದಿನ ದಿನ ನಾನು ಅಭ್ಯಾಸಕ್ಕೆಂದು ಚೈನೀಸ್ ಅಡಿಗೆಯ ವಿಡಿಯೋ ನೋಡಿದ್ದೆ. ಅದರಲ್ಲಿ ಕುದಿಯುವ ಸೂಪಿಗೆ ಮೊಟ್ಟೆ ಒಡೆದು ಹಾಕಿದಾಗ ಥೇಟ್ ಇಂಥವೇ ಬಿಳಿ ಎಳೆಗಳು ಎದ್ದಿದ್ದವು! ಏಳು ವರ್ಷದ ವಿದ್ಯೆಯೆಲ್ಲ ಒಮ್ಮೆಲೇ ನನ್ನ ಗಂಟಲಿಗೆ ನುಗ್ಗಿತು.

"ಅವ್ವಾ, ಕುಡೀಬ್ಯಾಡ! ತತ್ತಿ ಐತೆ ಅದ್ರಾಗ!"

ಹೋಟೆಲಿಗೆ ಹೋಟೆಲೇ ನಮ್ಮ ಕಡೆ ತಿರುಗಿತು. ಅವ್ವ ಚಮಚ ಕೆಳಗಿಟ್ಟಳು. ಎದ್ದಳು. ನಲ್ಲಿಯ ಹತ್ತಿರ ಹೋಗಿ ಮೂರು ಸಲ ಬಾಯಿ ಮುಕ್ಕಳಿಸಿದಳು. ಕೈ ತೊಳೆದಳು. ಬಂದು ಕೂತಳು.

ಮ್ಯಾನೇಜರ್ ಓಡಿ ಬಂದರು. "ಮೇಡಂ, ಇದು ಪ್ಯೂರ್ ವೆಜ್. ತತ್ತಿ ಹೆಂಗೆ ಬರ್ತೈತ್ರಿ?"

"ನನಗೆ ಹೇಳಬ್ಯಾಡ್ರಿ. ನಾನು ಗ್ರಾಜುಯೇಟ್!" ಎಂದೆ. ಈ ಮಾತನ್ನು ನೆನೆದರೆ ಈಗಲೂ ತಲೆಯ ಮೇಲೆ ಸೆರಗು ಎಳೆದುಕೊಳ್ಳುವ ಹಾಗಾಗುತ್ತದೆ. "ಕರೀರಿ ನಿಮ್ಮ ಚೈನೀಸ್ ಮಾಸ್ಟರ್‌ನ!"

ಚೈನೀಸ್ ಮಾಸ್ಟರ್ ಬಂದರು. ಐವತ್ತರ ಮನುಷ್ಯ. ತಲೆಗೆ ಬಿಳಿ ಟೊಪ್ಪಿಗೆ, ಅದರ ಕೆಳಗೆ ಹಣೆಯ ತುಂಬಾ ಮೂರು ಬೆರಳಿನ ವಿಭೂತಿ! ಅವ್ವನನ್ನು ಕಂಡು ಕೈ ಮುಗಿದರು.

"ಯಾವೂರವ್ವ?"

"ಕೊಕ್ಕನೂರಪ್ಪ."

"ಅಯ್ಯ! ನಾನು ನಂದಿಗುಡಿಯೋನು. ನಮ್ಮ ತಂಗೀನ ನಿಮ್ಮೂರಿಗೇ ಕೊಟ್ಟೈತಿ. ನಾನು ತತ್ತಿ ಮುಟ್ತೀನೇನವ್ವ?" ಎಂದು ಒಳಗೆ ಹೋಗಿ ಒಂದು ಡಬ್ಬಿ ತಂದರು. ಒಂದು ಚಿಟಿಕೆ ಬಿಳಿ ಹಿಟ್ಟನ್ನು ನೀರಿನಲ್ಲಿ ಅರೆಬರೆ ಕಲಸಿ ಬಿಸಿ ಸೂಪಿಗೆ ಬಿಟ್ಟರು. ಬಿಳಿ ಎಳೆಗಳು ಎದ್ದವು. "ಕಾರ್ನ್‌ಫ್ಲೋರ್. ಮೆಕ್ಕೆಜೋಳದ ಹಿಟ್ಟು. ನಿಮ್ಮ ಹೊಲದಾಗ ಬೆಳೆಯೋದೇ. ಅವಸರಕ್ಕೆ ಸರಿಯಾಗಿ ಕಲಸಲಿಲ್ಲ, ಗಂಟು ಕಟ್ಟೈತೆ. ಅಷ್ಟೇ."

ಹಿಟ್ಟಿನ ಗಂಟು! ಮೆಕ್ಕೆಜೋಳ ಬೆಳೆಯುವ ಮನೆಯಲ್ಲಿ ಹುಟ್ಟಿ, ಆ ಹಿಟ್ಟನ್ನು ಮೊಟ್ಟೆ ಎಂದು ಸಾರಿದ ಪ್ರಥಮ ಪದವೀಧರೆ ನಾನು.

"ಅವ್ವಾ, ತತ್ತಿ ಅಲ್ವಂತೆ. ಕುಡಿ," ಎಂದೆ, ಸಣ್ಣ ದನಿಯಲ್ಲಿ.

"ಕೈ ತೊಳಕಂಡೆ ಅಲ್ಲವ್ವ," ಎಂದಳು ಅವ್ವ. ಸಿಟ್ಟಿಲ್ಲ, ಬೇಸರವಿಲ್ಲ. ಬಸ್ ಹೋಯಿತು ಎನ್ನುವ ಹಾಗೆ ಹೇಳಿದಳು. "ನೀವು ಉಣ್ರಿ. ನನಗೇನು, ನಾಳೆ ಬೆಳಗ್ಗೆ ಆದೀತು."

ನಾನು ರಾಜ್ಯಶಾಸ್ತ್ರದ ವಿದ್ಯಾರ್ಥಿನಿ. ವಾದ ಮಂಡಿಸಿದೆ. ಕೈ ತೊಳೆದದ್ದು ಊಟ ಮುಗಿದುದಕ್ಕಲ್ಲ, ತಪ್ಪು ಮಾಹಿತಿಯ ಮೇಲೆ. ಆದ್ದರಿಂದ ಸದರಿ ಕೈ ತೊಳೆಯುವಿಕೆಯನ್ನು ಅಸಿಂಧು ಎಂದು ಪರಿಗಣಿಸತಕ್ಕದ್ದು! ಅವ್ವ ನಕ್ಕಳು. ತೀರ್ಪು ಬದಲಾಗಲಿಲ್ಲ.

"ಮೊಣಕಾಲಿನ ನೋವಿಗೆ ಹಿಡಿದ ವ್ರತಕ್ಕೆ ಇಷ್ಟು ಹಟ ಯಾಕವ್ವ?" ಎಂದೆ, ಅಳು ಬರುವಂತಾಗಿ.

ಅಷ್ಟು ಹೊತ್ತಿಗೆ ದೊಡ್ಡಪ್ಪನ ಮುಂದೆ ನೂಡಲ್ಸ್ ಬಂದಿತ್ತು. ಶಾವಿಗೆ ಎಂದುಕೊಂಡು ಧೈರ್ಯವಾಗಿ ಶುರು ಮಾಡಿದ್ದರು. ಬಾಯಲ್ಲಿದ್ದದ್ದನ್ನು ನುಂಗಿ ತಲೆ ಎತ್ತಿದರು.

"ಯಾವ ಮೊಣಕಾಲು? ಮಾರಾಯ್ತಿ, ನಿನಗೆ ಯಾರೂ ಹೇಳಿಲ್ಲೇನು? ನೀನು ಕಾಲೇಜಿಗೆ ಹೆಸರು ಹಚ್ಚಿದ ಸೋಮವಾರದಿಂದ ಹಿಡಿದಾಳೆ ಇದನ್ನ. ನಿನ್ನ ಸರ್ಟಿಫಿಕೇಟು ಕೈಗೆ ಬರೋಗಂಟ ಸೋಮವಾರ ಒಪ್ಪತ್ತು ಅಂತ ಹರಕಿ. ಮೂರು ವರ್ಷದಾಗ ಮುಗೀತೈತೆ ಅಂದ್ಕೊಂಡಿದ್ಲು ಪಾಪ."

ಮೂರು ವರ್ಷ ಏಳಾಗಿತ್ತು. ಇಂಗ್ಲಿಷ್ ಪೇಪರಿನಲ್ಲಿ ಸೋತದ್ದು ನಾನೊಬ್ಬಳೇ ಎಂದು ತಿಳಿದಿದ್ದೆ. ಪ್ರತಿ ಸೋಲಿಗೂ ಕೊಕ್ಕನೂರಿನಲ್ಲಿ ಒಬ್ಬಳು ಸುಮ್ಮನೆ ಇನ್ನಷ್ಟು ಸೋಮವಾರ ಹಸಿದಿದ್ದಳು. ಆ ಹರಕೆಯ ಕೊನೆಯ ಊಟವನ್ನು ನಾನು ಎರಡು ಚಮಚಕ್ಕೆ ನಿಲ್ಲಿಸಿದ್ದೆ. ನನಗೆ ಎದುರಿನ ಗೋಬಿ ಕಾಣದಂತಾಯಿತು.

"ಅಳಬ್ಯಾಡ. ಅಯ್ನೋರಿಗೆ ಫೋನ್ ಹಚ್ಚಾನ," ಎಂದರು ಯಜಮಾನರು. ಅಯ್ನೋರು ಅಂದರೆ ನಮ್ಮೂರಿನ ಪೂಜೆಯ ಅಯ್ಯನವರು. ವ್ರತ, ಹರಕೆಗಳಲ್ಲಿ ಅವರದೇ ಕೊನೆಯ ಮಾತು. ಸ್ಪೀಕರ್ ಹಾಕಿ ಮೇಜಿನ ನಡುವೆ ಫೋನ್ ಇಟ್ಟೆವು. ಮಾಸ್ಟರ್, ಮ್ಯಾನೇಜರ್, ಪಕ್ಕದ ಮೇಜಿನವರು ಎಲ್ಲ ಬಗ್ಗಿದರು.

"ಅಯ್ನೋರೇ, ನಮ್ಮವ್ವ ಹರಕಿ ಒಪ್ಪತ್ತಿನಾಗ ಸೂಪ್ ಕುಡಿದ್ಲು. ಊಟ ಆದಂಗೋ, ಇಲ್ಲೋ?" ಎಂದು ಕೇಳಿದೆ.

"ಸೂಪ್ ಅಂದ್ರೇನು?"

"ಸಾರಿದ್ದಂಗೆ ಇರ್ತೈತ್ರಿ."

"ಅನ್ನ ಎಲ್ಲಿತ್ತು?"

"ಅನ್ನ ಆಮೇಲೆ ಬರ್ತೈತ್ರಿ."

"ಸಾರು ಮೊದ್ಲು, ಅನ್ನ ಆಮೇಲೆ? ಯಾವ ದೇಶದಾಗ ಅದೀರವ್ವ ನೀವು?"

"ದಾವಣಗೆರ್ಯಾಗ್ರಿ."

ಅಯ್ನೋರು ನಿಟ್ಟುಸಿರು ಬಿಟ್ಟರು. "ಬಾಯಿ ಮುಕ್ಕಳಿಸಿದ್ಲೇನು?"

"ಮೂರು ಸಲ."

"ಹಂಗಾದ್ರೆ ಊಟ ಮುಗೀತು. ಹರಕಿ ಏನಂತ ಹೊತ್ತಿದ್ಲು?"

ಅವ್ವ ಫೋನಿನ ಹತ್ತಿರ ಬಗ್ಗಿ, ದೇವರ ಮುಂದೆ ಹೇಳುವ ಹಾಗೆ ಹೇಳಿದಳು. "ಹುಡುಗಿ ಸರ್ಟಿಫಿಕೇಟು ನನ್ನ ಕೈಗೆ ಬರೋಗಂಟ ಅಂತ ಅಯ್ನೋರೇ."

"ಮತ್ತೇನು? ಅದು ಕೈಗೆ ಬಂದ ಗಳಿಗಿಗೆ ಹರಕಿ ತೀರ್ತು. ತೀರಿದ ಮ್ಯಾಲೆ ಸೋಮವಾರ ಏನು, ಮಂಗಳವಾರ ಏನು? ಹೊಟ್ಟಿ ತುಂಬ ಉಣ್ಣು."

ಹೋಟೆಲಿನಲ್ಲಿ ಚಪ್ಪಾಳೆ ಬಿತ್ತು! ಮಾಸ್ಟರ್ ಸಾಹೇಬರು ಅವ್ವನಿಗೆ ಮಾತು ಕೊಟ್ಟರು. "ಎಷ್ಟೊತ್ತಾದ್ರೂ ಬರ್ರಿ. ಒಲೆ ಆರಿಸಲ್ಲ."

"ಏನೇ ಅನ್ನು, ಚೀನಾದೋರು ಅಡಿಗಿ ಚೆನ್ನಾಗಿ ಮಾಡ್ತಾರೆ," ಎಂದರು ದೊಡ್ಡಪ್ಪ, ಎರಡನೇ ಪ್ಲೇಟ್ ಮುಗಿಸುತ್ತ.

"ಮಾಡಿದೋರು ನಂದಿಗುಡಿಯೋರು, ದೊಡ್ಡಪ್ಪ."

"ಅದಕ್ಕೇ!"

ರೊಟ್ಟಿ ತಟ್ಟೆಯಲ್ಲೇ ಆರಿತ್ತು. ಅವ್ವನ ಪಾಲಿನ ಫ್ರೈಡ್ ರೈಸನ್ನು ಯಜಮಾನರು ಕೆಡಬಾರದೆಂಬ ಒಂದೇ ಉದ್ದೇಶದಿಂದ ಮುಗಿಸಿದರು. ನನ್ನದನ್ನೂ.

ಮೂರಕ್ಕೆ ಶುರುವಾಗಬೇಕಿದ್ದ ಸಮಾರಂಭ ನಾಲ್ಕಕ್ಕೆ ಶುರುವಾಯಿತು. ಅತಿಥಿಗಳು ಮೈಕ್ ಹಿಡಿದು, "ಹಸಿವು ಇರಬೇಕು! ಜ್ಞಾನದ ಹಸಿವು ಎಂದಿಗೂ ಇಂಗಬಾರದು!" ಎಂದು ಮುಕ್ಕಾಲು ಗಂಟೆ ಕರೆ ಕೊಟ್ಟರು. ನಾನು ಕಿಟಕಿಯಿಂದ ನೋಡಿದೆ. ಒಳಗೆ ಜಾಗ ಸಾಲದೆ, ಹೊರಗೆ ಬೇವಿನ ಮರದ ಕೆಳಗೆ ಆಟೋದಲ್ಲಿ ಕೂತು ಅವ್ವ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

ಎದ್ದು ಹೋಗಿ ಪಟ್ಟಿ ಹಿಡಿದಿದ್ದ ಮೇಷ್ಟ್ರನ್ನು ಕೇಳಿದೆ. "ಸರ್, ನನ್ನ ಹೆಸರು ಮೊದ್ಲು ಕರೀರಿ."

"ಯಾಕಮ್ಮ, ಬಸ್ ಐತೇನು?"

"ಇಲ್ಲ ಸರ್. ನಮ್ಮವ್ವ ಉಂಡಿಲ್ಲ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಹಾಕಿಕೊಂಡು ಮತ್ತೆ ನೋಡಿದರು. ಪಟ್ಟಿ ಮಾತ್ರ ಬದಲಾಗಲಿಲ್ಲ.

ಕೊನೆಗೂ ನನ್ನ ಹೆಸರು ಬಂತು. ಈ ಗಳಿಗೆಯನ್ನು ಏಳು ವರ್ಷ ಹೊಲಿಗೆ ಮಷಿನ್ ಮುಂದೆ ಕಲ್ಪಿಸಿಕೊಂಡಿದ್ದೆ. ಹೀಗೆ ನಡೆಯಬೇಕು, ಹೀಗೆ ನಗಬೇಕು, ಹೀಗೆ ಫೋಟೋಗೆ ನಿಲ್ಲಬೇಕು. ಆದದ್ದು ಇಷ್ಟು: ಅತಿಥಿಗಳ ಕೈಯಿಂದ ಕೆಂಪು ಫೈಲನ್ನು ಹೆಚ್ಚುಕಡಿಮೆ ಕಿತ್ತುಕೊಂಡು, ವೇದಿಕೆಯಿಂದ ಧುಮುಕಿ ಓಡಿದೆ. ಫೋಟೋದಲ್ಲಿ ನನ್ನ ಜಡೆ ಬಹಳ ಚೆನ್ನಾಗಿ ಬಂದಿದೆ.

"ಅವ್ವಾ, ತಗೋ!"

ಅವ್ವ ಫೈಲ್ ಬಿಚ್ಚಿದಳು. ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು. "ಇದ್ರಾಗ ಏನೂ ಇಲ್ಲಲ್ಲವ್ವ?"

ಖಾಲಿ! ವೇದಿಕೆಯಲ್ಲಿ ಕೊಡುವುದು ಬರೀ ರಟ್ಟಂತೆ. ಅಸಲು ಸರ್ಟಿಫಿಕೇಟನ್ನು ಹಿಂದಿನ ಕೌಂಟರಿನಲ್ಲಿ ಸಹಿ ಹಾಕಿ ಪಡೆಯತಕ್ಕದ್ದು. ಹಾಗೆಂದು ಎರಡು ಸಲ ಮೈಕಿನಲ್ಲಿ ಹೇಳಿದ್ದರಂತೆ. ನಾನು ಕಿಟಕಿ ನೋಡುತ್ತಿದ್ದೆ.

ಈ ಸಲ ಅವ್ವನ ಕೈ ಹಿಡಿದುಕೊಂಡೇ ಕೌಂಟರಿಗೆ ಓಡಿದೆ. ಒಳಗೆ ಒಬ್ಬ ವಯಸ್ಸಾದ ಗುಮಾಸ್ತರು ಕೂತಿದ್ದರು. ಹಾಲ್ ಟಿಕೆಟ್ ಕೇಳಿದರು, ಕೊಟ್ಟೆ. ಆಧಾರ್ ಕೇಳಿದರು, ಕೊಟ್ಟೆ. ಸಹಿ ಹಾಕಲು ರಿಜಿಸ್ಟರ್ ಮುಂದೆ ತಳ್ಳಿದರು. ಅವಸರಕ್ಕೆ ನನ್ನ ಹೆಸರಿನ ಎದುರು ಬಿಟ್ಟು ಯಾರೋ ಲಕ್ಷ್ಮಣಪ್ಪನ ಎದುರು ಸಹಿ ಹಾಕಿದೆ!

"ಯಾಕಮ್ಮ ಇಷ್ಟು ಗಡಿಬಿಡಿ? ಏಳು ವರ್ಷ ತಗಂಡೀಯ, ಏಳು ನಿಮಿಷ ತಡಿಯಕಾಗಲ್ಲೇನು?"

"ನಾನು ತಡೀತೀನಿ ಸರ್. ನಮ್ಮವ್ವ ಬೆಳಗ್ಗೆಯಿಂದ ಉಂಡಿಲ್ಲ. ಅದು ಕೈಗೆ ಬಂದ್ರೆ ಉಣ್ತಾಳೆ. ಹರಕಿ ಐತೆ."

ಗುಮಾಸ್ತರು ನನ್ನ ಭುಜದ ಮೇಲಿನಿಂದ ಹಿಂದೆ ನೋಡಿದರು. ಅವ್ವ ಕಂಬಕ್ಕೆ ಒರಗಿ ನಿಂತಿದ್ದಳು. ಅವರು ಲಕ್ಷ್ಮಣಪ್ಪನ ಎದುರಿನ ಸಹಿಯನ್ನು ತಾವೇ ಹೊಡೆದು ಹಾಕಿ, ಸರಿಯಾದ ಜಾಗ ತೋರಿಸಿದರು. ಆಮೇಲೆ ಕುರ್ಚಿಯಿಂದ ಎದ್ದರು. ಕಿಟಕಿಯಲ್ಲಿ ಕೊಡಲಿಲ್ಲ. ಬಾಗಿಲು ತೆಗೆದು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದು, ಎರಡೂ ಕೈಯಲ್ಲಿ ಹಿಡಿದು ಚಾಚಿದರು.

"ತಗೊಳ್ರಿ ತಾಯಿ. ನಿಮ್ಮದೇ."

ಅವ್ವ ಕೈಯನ್ನು ಸೆರಗಿಗೆ ಎರಡೂ ಬದಿ ಒರೆಸಿಕೊಂಡು ಸರ್ಟಿಫಿಕೇಟ್ ತೆಗೆದುಕೊಂಡಳು. ಕಣ್ಣಿಗೆ ಒತ್ತಿಕೊಂಡಳು. ನಮ್ಮ ಹಿಂದೆಯೇ ಬಂದಿದ್ದ ದೊಡ್ಡಪ್ಪ ಟವೆಲಿನಿಂದ ಮುಖ ಒರೆಸಿಕೊಳ್ಳುವ ನೆಪದಲ್ಲಿ ಬಹಳ ಹೊತ್ತು ಮುಖ ಮುಚ್ಚಿಕೊಂಡರು. ನಾನು ಕಾದೆ. ಮನೆತನದ ಪ್ರಥಮ ಪದವೀಧರೆಗೆ ತಾಯಿ ಏನೋ ಒಂದು ದೊಡ್ಡ ಮಾತು ಹೇಳುತ್ತಾಳೆ, ಅದನ್ನು ಸಾಯುವವರೆಗೆ ನೆನಪಿಡಬೇಕು ಎಂದು ಮೈಯೆಲ್ಲ ಕಿವಿಯಾಗಿ ನಿಂತೆ.

ಅವ್ವ ಸರ್ಟಿಫಿಕೇಟನ್ನು ನೋಡಿದಳು. ನನ್ನನ್ನು ನೋಡಿದಳು. ಗೇಟಿನ ಹತ್ತಿರ ಆಗಲೇ ಆಟೋ ಸ್ಟಾರ್ಟ್ ಮಾಡಿ, ಹೋಟೆಲಿನ ಕಡೆ ಮುಖ ತಿರುಗಿಸಿಕೊಂಡು, ಬರ್ರಿ ಬರ್ರಿ ಎಂದು ಹಾರ್ನ್ ಹೊಡೆಯುತ್ತಿದ್ದ ನಮ್ಮ ಯಜಮಾನರನ್ನು ನೋಡಿದಳು.

"ಇನ್ನೂ ಓದೋದಿದ್ರೆ ಓದವ್ವ, ನಾನು ಬ್ಯಾಡ ಅನ್ನಲ್ಲ," ಎಂದಳು. "ಆದ್ರೆ ಮುಂದಿನ ಒಪ್ಪತ್ತು ಅಳಿಯಂದ್ರು ಹಿಡೀಲಿ."